ಅಳಿಯಿತೆಂದು ಬಗೆದ ಮರ



ಈ ಲೇಖನವನ್ನು ಓದುವುದಕ್ಕೆ ಮುನ್ನ ನೀವು ಒಂದು ಸಣ್ಣ ಕೆಲಸವನ್ನು ಮಾಡಬೇಕು. ಮನೆಯ ಅಂಗಳದಲ್ಲಿರುವ ತುಳಸಿಯ ಗಿಡದ ಬಳಿಗೆ ಹೋಗಿ, ಅದರ ಒಂದು ಕೊಂಬೆಯಲ್ಲಿ ಎಲೆಗಳು ಯಾವ ಕ್ರಮದಲ್ಲಿವೆಯೆಂಬುದನ್ನು ನೋಡಿರಿ. ಎಲೆಯನ್ನು ಕೀಳಬೇಕಾಗಿಲ್ಲ, ನೋಡಿದರೆ ಸಾಕು. ಒಂದು ಎಲೆಗೆ ಸರಿಯಾಗಿ ಎದುರಿನಲ್ಲಿಯೇ ಇನ್ನೊಂದು ಎಲೆಯಿರುವುದು ಕಾಣುತ್ತದೆ. ಅನಂತರ ಬೇಲಿಯ ಬದಿಯ ದಾಸವಾಳವನ್ನು ನೋಡಿರಿ. ಅಲ್ಲಿ ಒಂದು ಎಲೆ ಒಂದು ಕಡೆಗಿದ್ದರೆ ಮುಂದಿನ ಎಲೆ ಸ್ವಲ್ಪ ಮೇಲೆ, ಬೇರೊಂದು ಕಡೆಗೆ ಇರುತ್ತದೆ; ಎರಡು ಎಲೆಗಳು ಒಂದೇ ಗೆಣ್ಣಿನಲ್ಲಿ ಎದುರುಬದುರಾಗಿ ಬರುವುದಿಲ್ಲ. ಮೊದಲನೆಯ ಕ್ರಮಕ್ಕೆ ಅಭಿಮುಖ ಜೋಡಣೆಯೆಂದೂ ಎರಡನೆಯದಕ್ಕೆ ಪರ್ಯಾಯ ಜೋಡಣೆಯೆಂದೂ ಸಸ್ಯಶಾಸ್ತ್ರದಲ್ಲಿ ಹೆಸರು.

ಇಷ್ಟು ಸಣ್ಣ ಭೇದವನ್ನು ತಿಳಿದು ಆಗಬೇಕಾದುದೇನು ಎಂದು ನೀವು ಕೇಳಬಹುದು. ಆದರೆ ಲಕ್ಷಾಂತರ ವರ್ಷಗಳ ಹಿಂದೆಯೇ ಭೂಮಿಯಿಂದ ಅಳಿದುಹೋಯಿತೆಂದು ವಿದ್ವಾಂಸರು ನಂಬಿದ್ದ ಒಂದು ಮರವು ಇನ್ನೂ ಬದುಕಿದೆಯೆಂಬುದು ಗೊತ್ತಾದದ್ದು, ಮುಖ್ಯವಾಗಿ, ಅದರ ಎಲೆಗಳೂ ಕಾಯಿಗಳೂ ತುಳಸಿಯ ಎಲೆಗಳಂತೆ ಎದುರುಬದುರಾಗಿದ್ದವೆಂಬ ಒಂದೇ ಗುರುತಿನಿಂದ. ಆ ಮರದ ವೃತ್ತಾಂತವೇ ಈ ವರ್ಷದ ಪಾಠ.

ಕುಲ ಮತ್ತು ಪ್ರಭೇದ

ಮೊದಲು ಎರಡು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳೋಣ. ನಮ್ಮ ಕಡೆಯ ತೋಟಗಳಲ್ಲಿ ಹಲಸು ಇದೆ, ಹೆಬ್ಬಲಸು ಇದೆ, ಜೀಗುಜ್ಜೆಯೂ ಇದೆ. ಮೂರೂ ಬೇರೆ ಬೇರೆ ಮರಗಳು. ಆದರೆ ಮೂರರ ಕಾಯಿಯ ರಚನೆಯಲ್ಲಿಯೂ, ಗಾಯಮಾಡಿದಾಗ ಒಸರುವ ಬಿಳಿಯ ಮೇಣದಲ್ಲಿಯೂ, ಹೂವಿನ ಬಗೆಯಲ್ಲಿಯೂ ಒಂದು ಸಾಮ್ಯವಿರುವುದನ್ನು ಯಾರಾದರೂ ಗುರುತಿಸಬಲ್ಲರು. ಇವು ಒಂದೇ ಮನೆತನಕ್ಕೆ ಸೇರಿದ ಅಣ್ಣತಮ್ಮಂದಿರಂತೆ. ಈ ಮನೆತನಕ್ಕೆ ಕುಲವೆಂದೂ, ಅದರೊಳಗಿನ ಒಂದೊಂದು ಬಗೆಗೆ ಪ್ರಭೇದವೆಂದೂ ಹೆಸರು. ಮೂರು ಮರಗಳ ಕುಲನಾಮವೂ ಆರ್ಟೊಕಾರ್ಪಸ್ ಎಂಬುದೇ. ಪ್ರಭೇದನಾಮ ಮಾತ್ರ ಬೇರೆ ಬೇರೆ. ನಮ್ಮಲ್ಲಿ ಅನೇಕರು ಮನೆತನದ ಹೆಸರನ್ನು ಮೊದಲು ಹೇಳಿ, ಬಳಿಕ ತಮ್ಮ ಹೆಸರನ್ನು ಹೇಳುವುದುಂಟಷ್ಟೆ. ಗಿಡಮರಗಳ ಶಾಸ್ತ್ರೀಯ ನಾಮವೂ ಅದೇ ರೀತಿಯದು. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಎರಡು ಪದಗಳ ನಾಮಕರಣವು ಸಸ್ಯಗಳಿಗೆ ನೆಲೆಗೊಂಡಿತು.

ಒಂದು ಗಿಡವನ್ನು ಹೊಸ ಪ್ರಭೇದವೆಂದು ಸಾರುವುದು ಬಾಯಿಮಾತಿನ ಕೆಲಸವಲ್ಲ. ಅದರ ಎಲೆ, ಹೂ, ಕಾಯಿಗಳನ್ನು ಒತ್ತಿ ಒಣಗಿಸಿದ ಒಂದು ಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇರಿಸಬೇಕು. ಹತ್ತಿರದ ಪ್ರಭೇದಗಳಿಗಿಂತ ಅದು ಯಾವ ಲಕ್ಷಣದಲ್ಲಿ ಬೇರೆಯೆಂಬುದನ್ನು ಬರೆಯಬೇಕು. ಆ ಬರಹವು ಮುದ್ರಿತವಾಗಿ ಇತರ ವಿದ್ವಾಂಸರ ಕೈಸೇರಬೇಕು. 1935ರಿಂದ 2011ರ ಕೊನೆಯವರೆಗೆ ಈ ವಿವರಣೆಯನ್ನು ಲ್ಯಾಟಿನ್ ಭಾಷೆಯಲ್ಲಿಯೇ ಕೊಡಬೇಕೆಂಬ ನಿಯಮವಿದ್ದಿತು. 2012ರಿಂದ ಇಂಗ್ಲಿಷಿನಲ್ಲಿಯೂ ಕೊಡಬಹುದಾಗಿದೆ. ಇಷ್ಟಾದ ಮೇಲೂ 'ಹೊಸದು' ಎಂಬ ಮಾತಿಗೆ ಶಾಸ್ತ್ರಕ್ಕೆ ಹೊಸದು ಎಂದಷ್ಟೇ ಅರ್ಥ. ಆ ಗಿಡವು ಅಲ್ಲಿ ಮೊದಲಿನಿಂದಲೂ ಇದ್ದಿತು. ಅದರ ನೆರಳಿನಲ್ಲಿ ಕುಳಿತವರಿಗೆ ಅದು ಹಳೆಯ ಪರಿಚಯವೇ ಆಗಿದ್ದಿತು.

ಜೇಡಿಮಣ್ಣಿನೊಳಗಣ ಎಲೆ

ಇನ್ನು ವೃತ್ತಾಂತಕ್ಕೆ ಬರೋಣ. ಅದು ಪ್ರಾರಂಭವಾಗುವುದು ಜಪಾನಿನಲ್ಲಿ. ಶಿಗೆರು ಮಿಕಿ ಎಂಬ ಸಸ್ಯಶಾಸ್ತ್ರಜ್ಞರು ಆ ದೇಶದ ಜೇಡಿಮಣ್ಣಿನ ಪದರಗಳಲ್ಲಿ ಹುದುಗಿದ್ದ ಪ್ರಾಚೀನ ಸಸ್ಯಗಳ ಅವಶೇಷಗಳನ್ನು ಶೇಖರಿಸಿ ಪರೀಕ್ಷಿಸುತ್ತಿದ್ದರು. ಹೀಗೆ ಮಣ್ಣಿನಲ್ಲಾಗಲಿ ಕಲ್ಲಿನಲ್ಲಾಗಲಿ ಉಳಿದುಬಂದ ಜೀವಿಗಳ ಗುರುತಿಗೆ ಪಳೆಯುಳಿಕೆಯೆನ್ನುತ್ತಾರೆ. ಮಿಕಿಯವರಿಗೆ ದೊರೆತ ಪಳೆಯುಳಿಕೆಗಳಲ್ಲಿ ಕೆಲವು ಸಣ್ಣ ರೆಂಬೆಗಳೂ ಶಂಕುಗಳೂ ಇದ್ದವು. ಹೂ ಬಿಡದೆ, ಪದರಪದರವಾದ ಗಟ್ಟಿ ಹಲ್ಲೆಗಳ ನಡುವೆ ಬೀಜವನ್ನು ಧರಿಸುವ ದೇವದಾರು ಮುಂತಾದ ಮರಗಳ ಕಾಯಿಗೆ ಶಂಕುವೆಂದು ಹೆಸರು. ಅಂಥ ಮರಗಳು ಶಂಕುಧಾರಿಗಳು. ನಮ್ಮ ಕಡಲತೀರದ ಗಾಳಿಮರದ ಕಾಯಿಯೂ ನೋಡುವುದಕ್ಕೆ ಶಂಕುವಿನಂತೆಯೇ ಇರುವುದಾದರೂ, ಗಾಳಿಮರವು ಹೂಬಿಡುವ ಸಸ್ಯಗಳ ವರ್ಗಕ್ಕೆ ಸೇರಿದುದು. ಹೊರನೋಟದ ಹೋಲಿಕೆಯು ಹೀಗೆ ಮೋಸಮಾಡುವುದುಂಟೆಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಇಂಥ ರೆಂಬೆಗಳು ಬೇರೆ ದೇಶಗಳಲ್ಲಿಯೂ ಹಿಂದೆಯೇ ದೊರೆತಿದ್ದವು. ಅವುಗಳನ್ನು ಕಂಡವರು ಕೆಲವನ್ನು ಸೆಕೋಯಾ ಕುಲಕ್ಕೂ ಕೆಲವನ್ನು ಟ್ಯಾಕ್ಸೋಡಿಯಮ್ ಕುಲಕ್ಕೂ ಸೇರಿಸಿಬಿಟ್ಟಿದ್ದರು. ಸೆಕೋಯಾ ಎಂಬುದು ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಬೆಳೆಯುವ, ನೂರು ಮೀಟರಿಗೂ ಮಿಕ್ಕಿ ಎತ್ತರವಾಗುವ ಮಹಾವೃಕ್ಷ. ಟ್ಯಾಕ್ಸೋಡಿಯಮ್ ಅದೇ ಖಂಡದ ಜೌಗುನೆಲದ ಮರ. ಮಿಕಿಯವರು ಹಿಂದಿನವರ ಹೆಸರನ್ನು ಹಾಗೆಯೇ ಒಪ್ಪಿಕೊಳ್ಳದೆ ತಮ್ಮ ಕೈಯಲ್ಲಿದ್ದ ತುಣುಕುಗಳನ್ನು ಮತ್ತೆ ನೋಡಿದರು. ಸೆಕೋಯಾದ ಎಲೆಗಳೂ ಟ್ಯಾಕ್ಸೋಡಿಯಮ್‌ನ ಎಲೆಗಳೂ ದಂಟಿನ ಸುತ್ತ ಒಂದಾದ ಮೇಲೊಂದರಂತೆ ಹುಟ್ಟುತ್ತವೆ. ಈ ಪಳೆಯುಳಿಕೆಯಲ್ಲಿಯಾದರೋ ಎಲೆಗಳು ಎದುರುಬದುರು. ಶಂಕುವಿನ ಹಲ್ಲೆಗಳೂ ಎದುರುಬದುರು. ಶಂಕುವಿಗೆ ಎಲೆಗಳಿಲ್ಲದ ಉದ್ದವಾದ ತೊಟ್ಟು. ಆದುದರಿಂದ ಇದು ಬೇರೊಂದು ಕುಲವೇ ಸರಿಯೆಂದು ನಿರ್ಣಯಿಸಿ, 1941ರಲ್ಲಿ ಅದಕ್ಕೆ ಮೆಟಾಸೆಕೋಯಾ ಎಂಬ ಹೆಸರನ್ನು ಕೊಟ್ಟರು. ಸೆಕೋಯಾಕ್ಕೆ ಸಮೀಪವಾದುದು ಎಂಬ ಭಾವ ಈ ಹೆಸರಿನಲ್ಲಿದೆ. ಬದುಕಿರುವ ಮೆಟಾಸೆಕೋಯಾವನ್ನು ಆಗ ಯಾವ ವಿದ್ವಾಂಸನೂ ಕಂಡಿರಲಿಲ್ಲ. ಕುಲವೇ ಅಳಿದುಹೋಗಿದೆಯೆಂದು ಎಲ್ಲರೂ ಭಾವಿಸಿದರು.

ಹೊಳೆಯ ಬದಿಯ ಮರ

ಅದೇ 1941ನೆಯ ಇಸವಿ. ಚೀನಾ ಮತ್ತು ಜಪಾನುಗಳ ನಡುವೆ ಘೋರವಾದ ಯುದ್ಧ ನಡೆಯುತ್ತಿದ್ದ ಕಾಲ. ಚೀನಾದ ವಿಶ್ವವಿದ್ಯಾಲಯಗಳು ತಮ್ಮ ಸ್ಥಾನಗಳನ್ನು ಬಿಟ್ಟು ದೇಶದ ಒಳನಾಡಿಗೆ ತೆರಳಿದ್ದವು. ಅರಣ್ಯಶಾಸ್ತ್ರದ ಅಧ್ಯಾಪಕರಾದ ಗಾನ್ ದುವೊ ಎಂಬವರು ಆ ವರ್ಷದ ಚಳಿಗಾಲದಲ್ಲಿ ಹುಬೇ ಪ್ರಾಂತದಿಂದ ಸಿಚುವಾನ್ ಪ್ರಾಂತದ ಕಡೆಗೆ ಪ್ರಯಾಣಮಾಡುತ್ತಿರುವಾಗ, ಮೋದಾವೊಶಿ ಎಂಬ ಗ್ರಾಮದಲ್ಲಿ ಒಂದು ಭಾರಿ ಮರವನ್ನು ಕಂಡರು. ಆ ಊರಿನ ಹೆಸರಿಗೆ ಕತ್ತಿ ಮಸೆಯುವ ತೊರೆ ಎಂದು ಅರ್ಥ. ಮರವು ಸುಮಾರು 35 ಮೀಟರು ಎತ್ತರವಿದ್ದಿತು. ಅದರ ಬುಡದಲ್ಲಿ ಊರವರು ಒಂದು ಚಿಕ್ಕ ಗುಡಿಯನ್ನು ಕಟ್ಟಿಕೊಂಡಿದ್ದರು. ನಮ್ಮಲ್ಲಿಯ ನಾಗಬನಗಳ ಮರಗಳನ್ನು ಕಂಡವರಿಗೆ ಇದೊಂದು ವಿಚಿತ್ರವಾಗಿ ತೋರಲಾರದು. ಮರದ ಹೆಸರೇನೆಂದು ವಿಚಾರಿಸಿದವರಿಗೆ ಗ್ರಾಮಸ್ಥರು ಹೇಳುತ್ತಿದ್ದ ಹೆಸರು ಶುಯಿಶಾ, ಅಂದರೆ ನೀರಿನ ಶಂಕುಮರ.

ಅದು ಎಲೆಯುದುರುವ ಕಾಲವಾದುದರಿಂದ ಮರವು ಬರಿದಾಗಿದ್ದಿತು. ಎಲೆಯಿಲ್ಲದೆ ಅದನ್ನು ಗುರುತಿಸುವ ಬಗೆಯಿಲ್ಲ. ಗಾನ್ ದುವೊ ಅವರು ವಾನ್‌ಶಿಯನ್ ಎಂಬ ಪಟ್ಟಣದ ವ್ಯವಸಾಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಮುಂದಿನ ವರ್ಷ ಎಲೆ ಬಂದಾಗ ಮಾದರಿಗಳನ್ನು ತರಿಸಿಡಬೇಕೆಂದು ಕೇಳಿಕೊಂಡರು. ಮಾದರಿಗಳೇನೋ ಬಂದವು, ಆದರೆ ಅವುಗಳನ್ನು ಯಾರೂ ಗುರುತಿಸಲಿಲ್ಲ. ಆದರೂ ಆ ಉಪಾಧ್ಯಾಯರು ವಿಷಯವನ್ನು ಮರೆಯಲಿಲ್ಲ. 1943ರಲ್ಲಿ ಅರಣ್ಯ ಸಂಶೋಧನ ಇಲಾಖೆಯ ವಾಂಗ್ ಝಾನ್ ಎಂಬ ಅಧಿಕಾರಿಯು ಆ ಮಾರ್ಗವಾಗಿ ಬಂದಾಗ, ಇಂಥ ಕಡೆಯಲ್ಲಿ ಇಂಥದೊಂದು ಅಪರೂಪದ ಮರವಿದೆಯೆಂದು ಅವರಿಗೆ ತಿಳಿಸಿದರು. ವಾಂಗ್ ಝಾನ್ ತಮ್ಮ ಪ್ರಯಾಣದ ದಾರಿಯನ್ನೇ ಬದಲಿಸಿಕೊಂಡು ಮೋದಾವೊಶಿಗೆ ಹೋಗಿ, ಜುಲೈ ತಿಂಗಳಿನಲ್ಲಿ ಎಲೆಗಳನ್ನೂ ಶಂಕುಗಳನ್ನೂ ಸಂಗ್ರಹಿಸಿದರು. ಒಂದು ಶಾಲೆಯ ಉಪಾಧ್ಯಾಯರ ನೆನಪು ಈ ಕಥೆಯಲ್ಲಿ ಹೀಗೆ ಒಂದು ಮುಖ್ಯವಾದ ಕೊಂಡಿಯಾಯಿತು.

ಇಲ್ಲಿ ಒಂದು ತಪ್ಪು ಸಂಭವಿಸಿತು. ದಕ್ಷಿಣ ಚೀನಾದಲ್ಲಿ ಗ್ಲಿಪ್ಟೊಸ್ಟ್ರೋಬಸ್ ಎಂಬ ಬೇರೊಂದು ಶಂಕುಧಾರಿಯುಂಟು. ಅದೂ ನೀರಿನ ಬಳಿಯ ಮರ. ಅದೂ ಎಲೆಯುದುರಿಸುವ ಮರ. ಅದರ ಚೀನೀ ಹೆಸರಿನಲ್ಲಿಯೂ ನೀರೆಂಬ ಪದವುಂಟು. ವಾಂಗ್ ಝಾನ್ ಅವರು ತಮ್ಮ ಮಾದರಿಯು ಅದೇ ಇರಬೇಕೆಂದು ಊಹಿಸಿ ಆ ಹೆಸರಿನ ಚೀಟಿಯನ್ನೇ ಅಂಟಿಸಿದರು. ಗಾಳಿಮರವನ್ನು ಶಂಕುಧಾರಿಯೆಂದು ತಿಳಿಯುವವನ ತಪ್ಪಿನಂಥದೇ ಇದು. ಆದರೆ ಅವರನ್ನು ಹಳಿಯಬೇಕಾಗಿಲ್ಲ. ಏಕೆಂದರೆ ಅವರು ಮಾದರಿಯನ್ನು ಜೋಪಾನವಾಗಿ ಕಾಪಾಡಿಟ್ಟರು. ಹೆಸರು ತಪ್ಪಾದರೂ ವಸ್ತುವು ಉಳಿದಿದ್ದರೆ ತಪ್ಪನ್ನು ಮತ್ತೊಬ್ಬರು ತಿದ್ದಬಹುದು. ವಸ್ತುವೇ ಹೋದರೆ ತಿದ್ದುವುದಕ್ಕೆ ಮಾರ್ಗವೇ ಇಲ್ಲ.

ತಪ್ಪು ತಿದ್ದಿದ ಬಗೆ

1945ರಲ್ಲಿ ಆ ಸಂಗ್ರಹದ ಒಂದು ರೆಂಬೆಯೂ ಎರಡು ಶಂಕುಗಳೂ ಝೆಂಗ್ ವಾನ್‌ಜುನ್ ಎಂಬ ಪ್ರಾಧ್ಯಾಪಕರ ಕೈಸೇರಿದವು. ಮರಗಳ ಶಾಸ್ತ್ರದಲ್ಲಿ ನಿಷ್ಣಾತರಾದ ಅವರು ಅವುಗಳನ್ನು ನೋಡಿದೊಡನೆಯೇ ಇದು ಗ್ಲಿಪ್ಟೊಸ್ಟ್ರೋಬಸ್ ಅಲ್ಲವೆಂದು ಕಂಡುಕೊಂಡರು. ಅದರ ಎಲೆಗಳು ಪರ್ಯಾಯ. ಇದರ ಎಲೆಗಳು ಅಭಿಮುಖ. ಅದರ ಶಂಕುವಿನ ರಚನೆ ಬೇರೆ, ಇದರದು ಬೇರೆ. ಆದರೆ ಎರಡು ಶಂಕುಗಳಿಂದ ಒಂದು ಹೊಸ ಮರವನ್ನು ಸ್ಥಾಪಿಸುವುದು ಸಾಧ್ಯವೇ? ಹೂವಿನ ಭಾಗಗಳೂ ಬೇಕಾಗಿದ್ದವು. ಹೀಗಾಗಿ ಅವರು 1946ರಲ್ಲಿ ಶುಎ ಜಿರು ಎಂಬ ತಮ್ಮ ತರುಣ ಶಿಷ್ಯನನ್ನು ಎರಡು ಬಾರಿ, ಫೆಬ್ರವರಿಯಲ್ಲೊಮ್ಮೆ ಮತ್ತು ಮೇ ತಿಂಗಳಿನಲ್ಲೊಮ್ಮೆ, ಮೋದಾವೊಶಿಗೆ ಕಳುಹಿಸಿದರು. ಯಾಂಗ್ತ್ಸೆ ನದಿಯಲ್ಲಿ ಹಡಗಿನಿಂದ ವಾನ್‌ಶಿಯನ್‌ವರೆಗೆ ಹೋಗಿ, ಅಲ್ಲಿಂದ ಬೆಟ್ಟಗಾಡಿನಲ್ಲಿ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕಾಲ್ನಡಿಗೆಯಿಂದಲೇ ಕ್ರಮಿಸಿ ಆ ತರುಣನು ಬೇಕಾದ ಮಾದರಿಗಳನ್ನು ತಂದೊಪ್ಪಿಸಿದನು.

ಝೆಂಗ್ ಅವರು ಮಾದರಿಗಳನ್ನು ಪೀಕಿಂಗಿನಲ್ಲಿದ್ದ ಹಿರಿಯ ಸಸ್ಯಶಾಸ್ತ್ರಜ್ಞ ಹು ಶಿಯಾನ್‌ಸು ಅವರಿಗೆ ಕಳುಹಿಸಿದರು. ಹು ಅವರು ಮಿಕಿಯವರ 1941ರ ಪ್ರಬಂಧವನ್ನು ಓದಿದ್ದರು. ಎದುರುಬದುರಾದ ಎಲೆ, ಎದುರುಬದುರಾದ ಹಲ್ಲೆ, ಉದ್ದನೆಯ ತೊಟ್ಟು ಇವನ್ನೆಲ್ಲ ಒಟ್ಟಿಗೆ ಕಂಡೊಡನೆ ಅವರಿಗೆ ಆ ಪ್ರಬಂಧವು ನೆನಪಿಗೆ ಬಂದಿತು. ಜಪಾನಿನ ಜೇಡಿಮಣ್ಣಿನಲ್ಲಿದ್ದ ಕುಲವೇ ಚೀನಾದ ಹೊಳೆಯ ಬದಿಯಲ್ಲಿ ಹಸುರಾಗಿ ನಿಂತಿದ್ದಿತು! 1946ರ ಕೊನೆಯಲ್ಲಿ ಹು ಅವರು ಈ ಸಂಗತಿಯನ್ನು ಪ್ರಕಟಿಸಿದರು. 1948ರಲ್ಲಿ ಹು ಮತ್ತು ಝೆಂಗ್ ಇಬ್ಬರೂ ಸೇರಿ ಮರಕ್ಕೆ ಮೆಟಾಸೆಕೋಯಾ ಗ್ಲಿಪ್ಟೊಸ್ಟ್ರೋಬಾಯ್ಡಿಸ್ ಎಂದು ನಾಮಕರಣಮಾಡಿದರು.

ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿರಿ. ಕುಲನಾಮವು ಜಪಾನಿನ ವಿದ್ವಾಂಸನು ಕೊಟ್ಟುದು. ಆ ದೇಶದೊಡನೆ ಎಂಟು ವರ್ಷ ಯುದ್ಧದ ಸಂಕಟವನ್ನುಂಡ ಚೀನಾದ ವಿದ್ವಾಂಸರು, ಅವನ ನಿರ್ಣಯವು ಸರಿಯಾದುದೆಂದು ಕಂಡುದರಿಂದ, ಅದನ್ನು ಗೌರವದಿಂದ ಉಳಿಸಿಕೊಂಡರು. ಪ್ರಭೇದನಾಮಕ್ಕೆ ಗ್ಲಿಪ್ಟೊಸ್ಟ್ರೋಬಸ್‌ನಂತೆ ಕಾಣುವುದು ಎಂದು ಅರ್ಥ. ವಾಂಗ್ ಝಾನ್ ಅವರ ಊಹೆಗೆ ಕಾರಣವಾದ ಹೋಲಿಕೆಯೇ ಅದರಲ್ಲಿ ಉಳಿದುಕೊಂಡಿದೆ. ಇನ್ನು ಚೀನೀ ಭಾಷೆಯ ಗ್ರಂಥಗಳಲ್ಲಿ ಈ ಮರಕ್ಕೆ ಇಂದಿಗೂ ಇರುವ ಹೆಸರು ಮೋದಾವೊಶಿಯ ರೈತರು ಹೇಳಿದ ಆ ನೀರಿನ ಶಂಕುಮರವೆಂಬುದೇ. ಒಂದು ಶತ್ರುದೇಶದ ವಿದ್ವಾಂಸ, ಒಂದು ತಪ್ಪು ಊಹೆ, ಒಂದು ಹಳ್ಳಿ, ಈ ಮೂರಕ್ಕೂ ಇದರ ನಾಮದಲ್ಲಿ ಸ್ಥಾನ ದೊರೆಯಿತು.

ಬೀಜಗಳ ಪ್ರಯಾಣ

ಮರವು ಪತ್ತೆಯಾದರೆ ಸಾಲದು, ಅದು ಉಳಿಯಬೇಕಷ್ಟೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದ ಆರ್ನಲ್ಡ್ ವೃಕ್ಷೋದ್ಯಾನದ ಎಲ್ಮರ್ ಮೆರಿಲ್ ಎಂಬವರು ಬೀಜಸಂಗ್ರಹಕ್ಕಾಗಿ 250 ಡಾಲರುಗಳನ್ನು ಕಳುಹಿಸಿಕೊಟ್ಟರು. 1947ರ ಶರತ್ಕಾಲದಲ್ಲಿ ಝೆಂಗ್ ಅವರ ಸಹಾಯಕರೊಬ್ಬರು ಹೋಗಿ ಬೀಜಗಳನ್ನು ಶೇಖರಿಸಿದರು. 1948ರ ಜನವರಿಯಲ್ಲಿ ಬೀಜಗಳು ಅಮೆರಿಕವನ್ನು ತಲಪಿದವು. ಅಲ್ಲಿಂದ ನಾನಾ ದೇಶಗಳ ಉದ್ಯಾನಗಳಿಗೆ ಹಂಚಲ್ಪಟ್ಟವು. ಅದೇ ವರ್ಷ ಕ್ಯಾಲಿಫೋರ್ನಿಯಾದ ಪಳೆಯುಳಿಕೆ ತಜ್ಞ ರಾಲ್ಫ್ ಚೇನಿಯವರು ಸ್ವತಃ ಆ ಕಣಿವೆಗೆ ಹೋಗಿಬಂದರು. ಕೆಲವೇ ತಿಂಗಳುಗಳ ತರುವಾಯ ಚೀನಾದ ಅಂತರ್ಯುದ್ಧದ ಕಾರಣ ಹೊರಗಿನವರಿಗೆ ಆ ದಾರಿಯು ಬಹುಕಾಲ ಮುಚ್ಚಿಹೋಯಿತು. ಬೀಜಸಂಗ್ರಹವು ಒಂದೆರಡು ವರ್ಷ ತಡವಾಗಿದ್ದರೆ ಇತರ ದೇಶದವರು ಈ ಮರವನ್ನು ಕಾಣುವುದಕ್ಕೆ ಎಷ್ಟು ಕಾಲ ಕಾಯಬೇಕಾಗುತ್ತಿತ್ತೋ!

ಕುಲದ ಮೂಲವನ್ನು ಹುಡುಕುವ ಬಗೆ

ಇನ್ನು ಎರಡನೆಯ ಪ್ರಶ್ನೆ: ಈ ಕುಲವು ಎಲ್ಲಿ, ಯಾವಾಗ ಹುಟ್ಟಿತು? ಒಂದು ಮನೆತನದ ಮೂಲವನ್ನು ಹುಡುಕುವವರು ಏನು ಮಾಡುತ್ತಾರೆ? ಹಳೆಯ ಕಾಗದಪತ್ರಗಳನ್ನು ನೋಡುತ್ತಾರೆ. ಬದುಕಿರುವ ದಾಯಾದಿಗಳನ್ನು ವಿಚಾರಿಸುತ್ತಾರೆ. ಮರದ ವಿಷಯದಲ್ಲಿ ಪಳೆಯುಳಿಕೆಗಳೇ ಕಾಗದಪತ್ರಗಳು. ಸಮೀಪದ ಕುಲಗಳೇ ದಾಯಾದಿಗಳು.

ಮೊದಲು ಕಾಗದಪತ್ರಗಳನ್ನು ನೋಡೋಣ. ಜೀವಂತವಾದ ಮರವು ದೊರೆತ ಮೇಲೆ ಅದರ ಎಲೆ ಶಂಕುಗಳೊಡನೆ ಹೋಲಿಸಿ ನೋಡುವುದು ಸುಲಭವಾಯಿತು. ಚೇನಿಯವರು ಉತ್ತರ ಅಮೆರಿಕದ ಪಶ್ಚಿಮಭಾಗದ ಹಳೆಯ ಸಂಗ್ರಹಗಳನ್ನು ಮತ್ತೆ ಪರೀಕ್ಷಿಸಿದಾಗ, ಸೆಕೋಯಾ ಎಂದೂ ಟ್ಯಾಕ್ಸೋಡಿಯಮ್ ಎಂದೂ ಚೀಟಿ ಅಂಟಿಸಿದ್ದ ಅನೇಕ ಪಳೆಯುಳಿಕೆಗಳು ಮೆಟಾಸೆಕೋಯಾವೇ ಎಂದು ತಿಳಿದುಬಂದಿತು. ಮಿಕಿಯವರ ತಿದ್ದುಪಡಿಯು ಜಪಾನಿಗಷ್ಟೇ ಅಲ್ಲ, ಜಗತ್ತಿನ ಸಂಗ್ರಹಾಲಯಗಳಿಗೆಲ್ಲ ಅನ್ವಯಿಸಿತು.

ಈಗ ತಿಳಿದಿರುವ ಪ್ರಕಾರ ಈ ಕುಲದ ಅತ್ಯಂತ ಹಳೆಯ ಪಳೆಯುಳಿಕೆಗಳು ಸುಮಾರು 10 ಕೋಟಿ ವರ್ಷಗಳಷ್ಟು ಹಿಂದಿನವು. ಮಹಾಸರೀಸೃಪಗಳಾದ ಡೈನೋಸಾರುಗಳು ಇನ್ನೂ ಭೂಮಿಯ ಮೇಲೆ ಸಂಚರಿಸುತ್ತಿದ್ದ ಕಾಲವದು. ಅವು ಅಳಿದುದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಏಷ್ಯದ ಈಶಾನ್ಯಭಾಗಕ್ಕೂ ಅಲಾಸ್ಕಕ್ಕೂ ನಡುವೆ ಆಗ ನೆಲದ ಸೇತುವೆಯಿದ್ದುದರಿಂದ ಮರವು ಎರಡು ಖಂಡಗಳಲ್ಲಿಯೂ ಹರಡಲು ಸಾಧ್ಯವಾಯಿತು. ಸೈಬೀರಿಯ, ಅಲಾಸ್ಕ, ಕೆನಡ, ಗ್ರೀನ್‌ಲೆಂಡ್, ಸ್ಪಿಟ್ಸ್‌ಬರ್ಗನ್ ಮೊದಲಾದ ಉತ್ತರದ ನಾಡುಗಳಲ್ಲೆಲ್ಲ ಅದರ ಗುರುತುಗಳು ದೊರೆತಿವೆ.

ಕೆನಡ ದೇಶಕ್ಕೆ ಸೇರಿದ ಆಕ್ಸೆಲ್ ಹೈಬರ್ಗ್ ಎಂಬ ದ್ವೀಪವಿದೆ. ಉತ್ತರಧ್ರುವದಿಂದ ಅದು ಕೇವಲ ಹತ್ತು ಅಕ್ಷಾಂಶಗಳಷ್ಟು ದೂರ. ಇಂದು ಅಲ್ಲಿ ಮರವೆಂಬುದೇ ಇಲ್ಲ. ಆದರೆ 1985ರಲ್ಲಿ ಅಲ್ಲಿಯ ನೆಲದಲ್ಲಿ ಒಂದು ಪ್ರಾಚೀನ ಅರಣ್ಯದ ಬೊಡ್ಡೆಗಳು ಕಂಡುಬಂದವು. ಅವುಗಳ ವಯಸ್ಸು ಸುಮಾರು 4 ಕೋಟಿ 50 ಲಕ್ಷ ವರ್ಷ. ಅವು ಕಲ್ಲಾಗಿರಲಿಲ್ಲ, ಒಣಗಿದ ಮರವಾಗಿಯೇ ಉಳಿದಿದ್ದವು. ಗರಗಸದಿಂದ ಕೊಯ್ಯಬಹುದು, ಬೆಂಕಿಯಿಟ್ಟರೆ ಉರಿಯುತ್ತದೆ! ಆ ಅರಣ್ಯದ ಮುಖ್ಯವಾದ ಮರಗಳಲ್ಲಿ ಮೆಟಾಸೆಕೋಯಾವೂ ಒಂದು. ಅಂದು ಭೂಮಿಯು ಇಂದಿಗಿಂತ ಬಹಳ ಬೆಚ್ಚಗಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೇ?

ಕ್ರಮೇಣ ಭೂಮಿಯು ತಣ್ಣಗಾಯಿತು. ಅನೇಕ ಕಡೆಗಳಲ್ಲಿ ಮಳೆ ಕಡಿಮೆಯಾಯಿತು. ತೇವವನ್ನು ಬಯಸುವ ಈ ಮರವು ಉತ್ತರದಿಂದ ದಕ್ಷಿಣಕ್ಕೆ ಸರಿಯಿತು. ಮರವು ನಡೆಯುವುದಿಲ್ಲವಷ್ಟೆ, ಉತ್ತರದಲ್ಲಿ ಮೊಳಕೆಗಳು ಸಾಯುತ್ತ, ದಕ್ಷಿಣದಲ್ಲಿ ಬದುಕುತ್ತ ಬಂದುವೆಂಬುದೇ ಸರಿಯುವುದೆಂಬ ಮಾತಿನ ಅರ್ಥ. ಅಮೆರಿಕದಲ್ಲಿ ಕುಲವು ಪೂರ್ಣವಾಗಿ ನಶಿಸಿತು. ಜಪಾನಿನಲ್ಲಿ ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಿನವರೆಗೂ ಉಳಿದಿದ್ದು ಅಲ್ಲಿಯೂ ಕಣ್ಮರೆಯಾಯಿತು. ಹಿಮಯುಗಗಳಲ್ಲಿ ಯೂರೋಪ್ ಮತ್ತು ಅಮೆರಿಕಗಳ ಉತ್ತರಭಾಗವನ್ನು ಮುಚ್ಚಿದಂಥ ಹಿಮರಾಶಿಯು ಮಧ್ಯಚೀನಾದ ಕಣಿವೆಗಳನ್ನು ಮುಚ್ಚಲಿಲ್ಲ. ಬೆಟ್ಟಗಳ ಮರೆಯಲ್ಲಿ, ಮಂಜು ಮಳೆಗಳ ತೇವದಲ್ಲಿ, ಅಲ್ಲಿ ಮಾತ್ರ ಅದು ಬದುಕಿಕೊಂಡಿತು.

ಇನ್ನು ದಾಯಾದಿಗಳನ್ನು ವಿಚಾರಿಸೋಣ. ಇದಕ್ಕೆ ಅತ್ಯಂತ ಸಮೀಪವಾದ ಕುಲಗಳು ಎರಡು: ಎತ್ತರಕ್ಕೆ ಪ್ರಸಿದ್ಧವಾದ ಸೆಕೋಯಾ, ಗಾತ್ರಕ್ಕೆ ಪ್ರಸಿದ್ಧವಾದ ಸೆಕೋಯಾಡೆಂಡ್ರನ್. ಎರಡೂ ಅಮೆರಿಕದವು. ಮೂರು ಕುಲಗಳಲ್ಲಿಯೂ ಇಂದು ಬದುಕಿರುವುದು ಒಂದೊಂದೇ ಪ್ರಭೇದ. ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸಿದರೆ ಮೆಟಾಸೆಕೋಯಾಕ್ಕೂ ಸೆಕೋಯಾಡೆಂಡ್ರನ್‌ಗೂ 22, ಸೆಕೋಯಾಕ್ಕೆ ಮಾತ್ರ 66, ಅಂದರೆ ಸರಿಯಾಗಿ ಮೂರು ಪಟ್ಟು. ಹಾಗಾದರೆ ಸೆಕೋಯಾವು ಮೆಟಾಸೆಕೋಯಾದ ಒಂದು ಪೂರ್ವಜವೂ ಮತ್ತೊಂದು ಮರವೂ ಬೆರೆತುದರಿಂದ ಹುಟ್ಟಿತೇ ಎಂದು 1948ರಲ್ಲಿಯೇ ಒಂದು ವಾದವು ಹುಟ್ಟಿತು. ಅನಂತರ ಬಂದ ಡಿ.ಎನ್.ಎ. ಪರೀಕ್ಷೆಗಳಲ್ಲಿ ಬಹುಪಾಲು, ಮೆಟಾಸೆಕೋಯಾವು ಮೊದಲು ಕವಲೊಡೆಯಿತೆಂದೂ ಅಮೆರಿಕದ ಎರಡು ಮರಗಳು ಪರಸ್ಪರ ಹೆಚ್ಚು ಹತ್ತಿರವೆಂದೂ ತೋರಿಸುತ್ತವೆ. ಸೆಕೋಯಾದ ವರ್ಣತಂತುಗಳು ಹೆಚ್ಚಿದ ಬಗೆಯ ಕುರಿತು ಚರ್ಚೆ ನಡೆದೇ ಇದೆ.

ಶಾಸ್ತ್ರದಲ್ಲಿ ಪ್ರತಿಯೊಂದು ಊಹೆಯೂ ಪರೀಕ್ಷೆಗೆ ಒಳಗಾಗತಕ್ಕದ್ದೆಂಬುದಕ್ಕೆ ಇನ್ನೊಂದು ನಿದರ್ಶನ. ಮೆಟಾಸೆಕೋಯಾವು ಚಳಿಗಾಲದಲ್ಲಿ ಎಲೆಗಳನ್ನು ಪುಟ್ಟ ರೆಂಬೆಗಳೊಡನೆಯೇ ಉದುರಿಸಿಬಿಡುತ್ತದೆ. ಶಂಕುಧಾರಿಗಳಲ್ಲಿ ಇದು ಅಪರೂಪ. ಧ್ರುವಪ್ರದೇಶದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಕಾಣದ ಕತ್ತಲೆಯಿರುವುದರಿಂದ, ಆ ಕಾಲದಲ್ಲಿ ಎಲೆಗಳನ್ನು ಪೋಷಿಸುವುದು ನಷ್ಟವೆಂದು ಮರವು ಈ ಅಭ್ಯಾಸವನ್ನು ಪಡೆಯಿತೆಂದು ಬಹುಕಾಲ ಹೇಳುತ್ತಿದ್ದರು. ಯುಕ್ತಿಯುಕ್ತವಾದ ಮಾತೇ. ಆದರೆ ಧ್ರುವದ ಬೆಳಕು ಕತ್ತಲೆಗಳನ್ನು ಕೃತಕವಾಗಿ ಏರ್ಪಡಿಸಿ ಸಸಿಗಳನ್ನು ಬೆಳೆಸಿ ನೋಡಿದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಫಲಿತಾಂಶವು ಬೇರೆಯಾಗಿದ್ದಿತು. ಎಲೆಗಳನ್ನು ಕತ್ತಲೆಯಲ್ಲಿ ಉಳಿಸಿಕೊಳ್ಳುವ ಮರಕ್ಕಿಂತ ಎಲ್ಲವನ್ನೂ ಉದುರಿಸಿ ಮತ್ತೆ ಹೊಸದಾಗಿ ಬೆಳೆಸುವ ಮರಕ್ಕೇ ಹೆಚ್ಚು ನಷ್ಟವೆಂದು ಅದರಿಂದ ತಿಳಿಯಿತು. ಆದುದರಿಂದ ಎಲೆಯುದುರಿಸುವ ಅಭ್ಯಾಸಕ್ಕೆ ಕತ್ತಲೆಯೊಂದೇ ಕಾರಣವೆಂದು ಹೇಳುವಂತಿಲ್ಲ.

ಇಂದಿನ ಸ್ಥಿತಿ

ಇಂದು ಈ ಮರವು ಅನೇಕ ದೇಶಗಳ ಉದ್ಯಾನಗಳಲ್ಲಿಯೂ ಬೀದಿಗಳಲ್ಲಿಯೂ ಬೆಳೆಯುತ್ತಿದೆ. ಆದರೆ ತವರಿನಲ್ಲಿ ತಾನಾಗಿ ಬೆಳೆದ ದೊಡ್ಡ ಮರಗಳು ಸುಮಾರು ಐದು ಸಾವಿರ ಮಾತ್ರ. ಅವುಗಳ ಸುತ್ತಲಿನ ಕಣಿವೆಯ ನೆಲವು ಬೇಸಾಯಕ್ಕೆ ಒಳಪಟ್ಟಿರುವುದರಿಂದ ಬಿದ್ದ ಬೀಜವು ಮೊಳೆತು ಮರವಾಗುವುದಕ್ಕೆ ಎಡೆಯಿಲ್ಲ. ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿಲ್ಲ ಎಂಬಂಥ ಸ್ಥಿತಿ. ಹೊರಗೆ ಎಷ್ಟೇ ನೆಟ್ಟರೂ, ತವರಿನ ಮರಗಳಲ್ಲಿರುವ ನಾನಾ ಗುಣಗಳೆಲ್ಲ ಅವುಗಳಲ್ಲಿ ಬಂದಿರುವುದಿಲ್ಲ. ಆದುದರಿಂದಲೇ ಅದನ್ನು ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಹತ್ತು ಕೋಟಿ ವರ್ಷಗಳ ಶೀತೋಷ್ಣಗಳನ್ನು ತಾಳಿಬಂದ ಕುಲವು ಈಗ ಉಳಿಯುವುದು ಮನುಷ್ಯನ ವಿವೇಕವನ್ನು ಅವಲಂಬಿಸಿದೆ.

ನಮಗೆ ಇದರಿಂದ ತಿಳಿಯುವುದೇನು?

ಇದು ದೂರದ ಚೀನಾದ ಮಾತಲ್ಲವೇ, ನಮಗೇನು ಎಂದು ಯಾರೂ ತಿಳಿಯಬಾರದು. ನಮ್ಮ ದೇಶದಲ್ಲಿಯೂ ಪ್ರಾಚೀನ ಸಸ್ಯಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಬೀರಬಲ್ ಸಾಹನಿಯವರು 1946ರಲ್ಲಿ, ಎಂದರೆ ಹು ಅವರು ಮೆಟಾಸೆಕೋಯಾವನ್ನು ಗುರುತಿಸಿದ ವರ್ಷದಲ್ಲಿಯೇ, ಲಖನೌ ನಗರದಲ್ಲಿ ಒಂದು ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಇಂದಿಗೂ ಅವರ ಹೆಸರಿನಿಂದ ನಡೆಯುತ್ತಿದೆ. ಇನ್ನೂ ಹತ್ತಿರಕ್ಕೆ ಬನ್ನಿರಿ. ಕಾಸರಗೋಡಿಗೆ ದಕ್ಷಿಣದಲ್ಲಿರುವ ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರ ಎಂಬ ಮುರಕಲ್ಲಿನ ಗುಡ್ಡದಲ್ಲಿ ದೊರೆತ ಎರಿಯೊಕಾಲನ್ ಕುಲದ ಒಂದು ಪುಟ್ಟ ಗಿಡವು ಹೊಸ ಪ್ರಭೇದವೆಂದು ಸಿದ್ಧವಾಗಿ, ಅದಕ್ಕೆ ಆ ಗುಡ್ಡದ ಹೆಸರನ್ನೇ ಇಡಲಾಗಿದೆ. ಮಳೆಗಾಲದಲ್ಲಿ ನಮ್ಮ ಪದವುಗಳ ಮೇಲೆ ನೀರು ನಿಂತಾಗ ಬಿಳಿಯ ಗುಂಡಿಗಳಂಥ ಹೂಗಳನ್ನು ಬಿಡುವ ಸಣ್ಣ ಗಿಡಗಳನ್ನು ನೀವೆಲ್ಲ ಕಂಡಿದ್ದೀರಿ. ಅವು ಇದೇ ಕುಲದವು. ಬರಡು ಕಲ್ಲೆಂದು ನಾವು ತುಳಿದುಕೊಂಡು ಹೋಗುವ ನೆಲದಲ್ಲಿಯೂ ಶಾಸ್ತ್ರಕ್ಕೆ ಹೊಸದಾದ ಗಿಡಗಳಿದ್ದವೆಂದಾಯಿತಲ್ಲವೇ?

ವಿದ್ಯಾರ್ಥಿಗಳು ಈ ರಜೆಯಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಸೂಚಿಸುತ್ತೇನೆ. ಮನೆಯ ಸುತ್ತಲಿನ ಹತ್ತು ಗಿಡಮರಗಳನ್ನು ಆರಿಸಿಕೊಳ್ಳಿರಿ. ಪ್ರತಿಯೊಂದರಿಂದ ಎರಡು ಮೂರು ಎಲೆಗಳಿರುವ ಒಂದು ಚಿಕ್ಕ ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿರಿ. ಕೆಳಗೆ ಊರು, ದಿನಾಂಕ, ಎಲೆಗಳು ಅಭಿಮುಖವೋ ಪರ್ಯಾಯವೋ ಎಂಬುದನ್ನು ಬರೆಯಿರಿ. ನೇರಳೆ, ಪೇರಳೆ, ಕೇಪುಳಗಳನ್ನು ಒಂದು ಕಡೆಗೂ ಮಾವು, ಹಲಸುಗಳನ್ನು ಇನ್ನೊಂದು ಕಡೆಗೂ ಏಕೆ ಇಡಬೇಕಾಗುತ್ತದೆಯೆಂಬುದು ನಿಮಗೆ ತಾನಾಗಿಯೇ ತಿಳಿಯುತ್ತದೆ. ಹೆಸರು ಗೊತ್ತಿಲ್ಲದ ಗಿಡವಿದ್ದರೆ ಊಹಿಸಿ ಬರೆಯಬೇಡಿರಿ. ಜಾಗವನ್ನು ಖಾಲಿಯಾಗಿಯೇ ಬಿಡಿರಿ. ಖಾಲಿ ಬಿಟ್ಟ ಜಾಗವನ್ನು ಮುಂದೆ ತುಂಬಬಹುದು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮೋದಾವೊಶಿಯ ರೈತರು ತಮ್ಮ ಮರಕ್ಕೆ ಒಂದು ಹೆಸರನ್ನಿಟ್ಟು ಅದನ್ನು ಬಳಕೆಯಲ್ಲಿ ಉಳಿಸಿಕೊಂಡಿದ್ದರು, ಕೇಳಿದವರಿಗೆ ಹೇಳಿದರು. ನಮ್ಮ ಊರುಗಳಲ್ಲಿ ಒಂದೊಂದು ಗಿಡಕ್ಕೂ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಟಿಗಳಲ್ಲಿ ಹೆಸರುಗಳುಂಟು. ಅವುಗಳನ್ನು ಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಮಕ್ಕಳು ಅಂಟಿಸಿದ ಪ್ರತಿಯೊಂದು ಹಾಳೆಯಲ್ಲಿಯೂ ಆ ಹೆಸರುಗಳನ್ನು ಬರೆಯಿಸಿಕೊಡಿರಿ. ಆ ಪುಸ್ತಕಗಳನ್ನು ಶಾಲೆಗೆ ತಂದರೆ ಅವುಗಳನ್ನು ವಾಚನಾಲಯದಲ್ಲಿ ಜೋಪಾನವಾಗಿ ಇಡೋಣ. ಯಾವ ಹಾಳೆಯು ಯಾವ ಕಾಲದಲ್ಲಿ ಯಾರಿಗೆ ಬೇಕಾಗುವುದೋ ಈಗಲೇ ಹೇಳುವಂತಿಲ್ಲ. ವಾನ್‌ಶಿಯನ್ನಿನ ಆ ಮುಖ್ಯೋಪಾಧ್ಯಾಯರಿಗೂ ಅದು ಗೊತ್ತಿರಲಿಲ್ಲ. ಆದರೂ ಅವರು ಮರೆಯದೆ ಇದ್ದರು.